ಅಕ್ಕಡಿ ಸಾಲಿನ ಫೋಟೋ

ಹಿರೇಬೆಂಡಿಗೇರಿ
೬ ಅಕ್ಟೋಬರ್ ೨೦೨೫

ತಮ್ಮ ಜಗದೀಶ,

ಕಾಗದದ ಮೊದಲ ಸಾಲಿನಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ಅಪ್ಪ ಕಲಿಸಿದ ರೂಢಿ. ಅವ್ವ ಕ್ಷೇಮ, ಎಮ್ಮೆ ಕ್ಷೇಮ, ನಾನು ಮಾತ್ರ ಸಿಟ್ಟಿನಲ್ಲಿದ್ದೇನೆ. ಫೋನ್ ಬಿಟ್ಟು ಕಾಗದ ಯಾಕೆ ಅಂತ ಕೇಳಬೇಡ. ಫೋನಿನಲ್ಲಿ ನೀನು "ನೋಡ್ತೇನಿ ತಡಿ ಅಕ್ಕ" ಅಂದು ಇಟ್ಟುಬಿಡುತ್ತಿ. ಕಾಗದಕ್ಕಾದರೆ ಕುಳಿತು ಉತ್ತರ ಬರೆಯಬೇಕಾಗುತ್ತದೆ.

ಆಗಸ್ಟಿನ ಮಳೆಗೆ ಹಳ್ಳದ ನೀರು ನಮ್ಮ ಮೂರೆಕರೆಯಲ್ಲಿ ಎಂಟು ದಿನ ನಿಂತಿತ್ತು, ನಿನಗೆ ಗೊತ್ತು. ಗೋವಿನಜೋಳ ನಿಂತಲ್ಲೇ ಹಳದಿಯಾಯಿತು. ಮುರಿದ ತೆನೆಯಲ್ಲಿ ಕಾಳಿಗಿಂತ ದಿಂಡೇ ಜಾಸ್ತಿ. ಸರ್ಕಾರದ ಬೆಳೆಹಾನಿ ಪರಿಹಾರದ ಪಟ್ಟಿಯನ್ನು ಪಂಚಾಯ್ತಿ ಗೋಡೆಗೆ ಅಂಟಿಸಿದ್ದಾರೆ. ಮೇಲಿಂದ ಕೆಳಗೆ ಮೂರು ಸಲ ಬೆರಳಿಟ್ಟು ಓದಿದೆ. ಅವ್ವನ ಹೆಸರಿಲ್ಲ. ಕೇಳಿದರೆ ಅಲ್ಲಿದ್ದವನು ಕಂಪ್ಯೂಟರ್ ನೋಡಿ, "ನಿಮ್ಮ ಹೊಲದಾಗ ತೊಗರಿ ಐತ್ರಿ. ತೊಗರಿಗೆ ಈ ಊರಾಗ ಹಾನಿ ಇಲ್ರಿ," ಅಂದ. ನಾನು ಬಿತ್ತಿದ್ದು ನನಗೇ ಗೊತ್ತಿಲ್ಲವಂತೆ! ಬೆಳೆ ಸಮೀಕ್ಷೆಗೆ ಬಂದವನು ಗಾಡಿಹಾದಿಯ ಮೇಲೆ ನಿಂತು ಮೊಬೈಲ್ ಹಿಡಿದು ಹೋದದ್ದನ್ನು ಊರವರು ನೋಡಿದ್ದಾರೆ. ಹಾದಿಯ ಕಡೆ ಅವ್ವ ಹಾಕಿಸಿದ ಅಕ್ಕಡಿ ಸಾಲು ಇತ್ತಲ್ಲ, ನಾಲ್ಕು ಸಾಲು ತೊಗರಿ, ಹೋಗುವ ದನ ಜೋಳಕ್ಕೆ ಬಾಯಿ ಹಾಕಬಾರದು ಅಂತ ಊರೆಲ್ಲ ಹಾಕುವುದು. ಅದರ ಫೋಟೋ ತೆಗೆದು ಮೂರೆಕರೆಗೂ ತೊಗರಿ ಅಂತ ಬರೆದಿದ್ದಾನೆ. ನೀರಿಗಿಳಿಯದೆ ಈಜು ಕಲಿತ ಹುಡುಗ.

ನಗೆಯಾಡುವ ವಿಷಯ ಅಲ್ಲ ಇದು. ಶಂಕ್ರಪ್ಪ ಕಾಕಾ ಮತ್ತೆ ಬಂದಿದ್ದ. ಹೊಲವನ್ನು ತನಗೆ ಲಾವಣಿಗೆ ಕೊಡಬೇಕಂತೆ. ವರ್ಷಕ್ಕೆ ಇಷ್ಟು ಅಂತ ಕೈಗೆ ಕೊಟ್ಟು ಬಿತ್ತುವುದು ಬೆಳೆಯುವುದು ಎಲ್ಲ ಅವನೇ ನೋಡಿಕೊಳ್ಳುತ್ತಾನಂತೆ. ಅವ್ವ ನನಗೆ ಹೇಳಿದ್ದು ಇಷ್ಟು: "ಯುಗಾದಿ ತನಕಾ ನೋಡ್ತೇನಿ ಜಯಶ್ರೀ. ಹೊಲ ತನ್ನ ಖರ್ಚು ತಾ ದುಡಕೊಂಡ್ರ ನಿನ್ನ ಕೈಯಾಗ ಇರಲಿ. ಇಲ್ಲಂದ್ರ ಅವಗ ಕೊಡೋಣು." ಪರಿಹಾರ ಬಂದರೆ ಈ ವರ್ಷದ್ದು ಸರಿಹೋಗುತ್ತದೆ. ಗಂಡನ ಮನೆಯಲ್ಲಿ ಎಲ್ಲ ಮುಗಿದು ಇಲ್ಲಿಗೆ ಬಂದ ಮೇಲೆ ಈ ಐದು ವರ್ಷ ನನ್ನನ್ನು ನಿಲ್ಲಿಸಿದ್ದು ಆ ಹೊಲ. ಅದು ಹೋದರೆ ನಾನು ತವರಿನಲ್ಲಿ ಉಣ್ಣುವ ಒಂದು ಬಾಯಿ ಅಷ್ಟೆ.

ನೀನು ಇದೇ ಕೃಷಿ ಇಲಾಖೆಯಲ್ಲಿ ಇದ್ದಿ. ಏನು ಮಾಡಬೇಕು ಬರಿ. ಸೆಪ್ಟೆಂಬರಿನಲ್ಲಿ ಒಂದು ತಿಂಗಳು ನಿನ್ನನ್ನು ಈ ಕಡೆಗೇ ಹಾಕಿದ್ದರು, ಗೊಟಗೋಡಿಯಲ್ಲಿ ಇಳಿದುಕೊಂಡಿದ್ದಿ. ಒಂದು ಊಟಕ್ಕೆ ಬಂದು ಕೈತೊಳೆದು ಹೋದಿ. ಅವ್ವ ಅದನ್ನು ಇನ್ನೂ ಆಡುತ್ತಾಳೆ.

ನಿನ್ನ ಅಕ್ಕ
ಜಯಶ್ರೀ


ಹಿರೇಕೆರೂರು
೧೫ ಅಕ್ಟೋಬರ್ ೨೦೨೫

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ತಲುಪಿತು. ವಿಷಯ ತಿಳಿದು ಬೇಸರವಾಯಿತು.

ಸಮೀಕ್ಷೆಯನ್ನು ಆಯಾ ಊರಿನ ಯುವಕರಿಂದ ಮಾಡಿಸುತ್ತಾರೆ. ಒಂದು ಹೊಲಕ್ಕೆ ಇಂತಿಷ್ಟು ಎಂದು ಅವರಿಗೆ ಕೊಡುವುದರಿಂದ ಅವಸರದಲ್ಲಿ ಮುಗಿಸುತ್ತಾರೆ. ಇಂಥ ತಪ್ಪುಗಳು ಎಲ್ಲ ತಾಲೂಕಿನಲ್ಲಿಯೂ ಆಗಿವೆ. ಆಕ್ಷೇಪಣೆ ಅರ್ಜಿ ಕೊಡಲು ಅವಕಾಶವಿದೆ, ಆದರೆ ಅದು ಸ್ಥಳ ತನಿಖೆ, ಪಂಚನಾಮೆ, ಮೇಲಿನ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಎಳೆಯುತ್ತದೆ. ಕೊನೆಗೆ ಬರುತ್ತದೆ ಎಂಬ ಖಾತ್ರಿಯೂ ಇಲ್ಲ. ನೀನು ಶಿಗ್ಗಾಂವಿಗೆ ಅಲೆದಾಡುವುದು ಬೇಡ ಎಂದು ನನ್ನ ಅಭಿಪ್ರಾಯ.

ಅದಕ್ಕಿಂತ, ನೆಲದಲ್ಲಿ ಹಸಿ ಇರುವಾಗಲೇ ರೆಂಟೆ ಹೊಡೆಸಿ ಮಣ್ಣು ಮಗುಚಿ ಹಿಂಗಾರಿ ಕಡಲೆ ಬಿತ್ತು. ತಡ ಮಾಡಬೇಡ. ಬೀಜವನ್ನು ನಾನೇ ಕಳಿಸುತ್ತೇನೆ, ಒಳ್ಳೆಯ ತಳಿ. ಕಡಲೆ ಕೈಹಿಡಿದರೆ ಅವ್ವನಿಗೂ ಸಮಾಧಾನವಾಗುತ್ತದೆ. ಲಾವಣಿಯ ವಿಚಾರವನ್ನೂ ಒಂದೇ ಸಲಕ್ಕೆ ಬೇಡ ಎನ್ನಬೇಡ. ಮಳೆ, ಹಳ್ಳ, ಆಳು ಎಂದು ನೀನು ಒಬ್ಬಳೇ ಎಷ್ಟು ದಿನ ಒದ್ದಾಡುತ್ತಿ?

ರಾಜಶ್ರೀ ಹಾನಗಲ್ಲಿನ ತನ್ನ ತವರಿಗೆ ಹೋಗಿದ್ದಾಳೆ, ದೀಪಾವಳಿ ಅಲ್ಲಿಯೇ. ಅವ್ವನಿಗೆ ನನ್ನ ನಮಸ್ಕಾರ.

ನಿನ್ನ ತಮ್ಮ
ಜಗದೀಶ


ಹಿರೇಬೆಂಡಿಗೇರಿ
೨೪ ಅಕ್ಟೋಬರ್ ೨೦೨೫

ತಮ್ಮ,

ಕಡಲೆ ಬೀಜ ಬಂತು. ಬಸ್ಸಿನ ಕಂಡಕ್ಟರ್ ಚೀಲ ಇಳಿಸಿ, "ಸಾಹೇಬ್ರು ಕಳ್ಸ್ಯಾರ್ರಿ," ಅಂದ. ಊರ ಮುಂದೆ ಕುಳಿತವರೆಲ್ಲ ನನ್ನನ್ನೇ ನೋಡಿದರು. ನಾನೂ ಸ್ವಲ್ಪ ಗತ್ತಿನಿಂದಲೇ ಚೀಲ ಎತ್ತಿಕೊಂಡೆ ಅನ್ನು.

ನಿನ್ನ ಕಾಗದವನ್ನು ಅವ್ವನಿಗೆ ಓದಿ ಹೇಳಿದೆ. ಲಾವಣಿಯ ಸಾಲು ಬಿಟ್ಟು. ಅವಳು ಕಡಲೆ ಕಾಳನ್ನು ಅಂಗೈಯಲ್ಲಿ ಹಾಕಿಕೊಂಡು ಬಿಸಿಲಿಗೆ ಹಿಡಿದು ನೋಡಿ, "ನೋಡು, ನನ್ನ ಮಗ ಹೊಲಾ ಮರ್ತಿಲ್ಲ," ಅಂದಳು. ಆಮೇಲೆ ಪಾಡ್ಯದ ಹೋಳಿಗೆ ತಿನ್ನುವಾಗಲೂ ಅದೇ ಮಾತು, ಎರಡು ಸಲ. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಮೊದಲನೆಯ ಕಾಗದದಲ್ಲಿ ನಿನಗೆ ಕೊಂಕು ನುಡಿದಿದ್ದೆ, ಮರೆತುಬಿಡು.

ಸೋಮವಾರ ಅಜ್ಜಪ್ಪನ ಟ್ರ್ಯಾಕ್ಟರ್ ಬರುತ್ತದೆ. ಕೊಯ್ದ ಜೋಳದ ಬುಡ ನಿಂತ ಕೂಳೆಯನ್ನೆಲ್ಲ ಮಗುಚಿ ಹಾಕಿ ಬುಧವಾರ ಬಿತ್ತುತ್ತೇವೆ. ಊರಲ್ಲಿ ಹೆಚ್ಚುಕಡಿಮೆ ಎಲ್ಲರ ರೆಂಟೆ ಮುಗಿದಿದೆ, ನಾವೇ ಹಿಂದೆ. ಅರ್ಜಿಯ ವಿಚಾರ ಬಿಟ್ಟಿದ್ದೇನೆ, ನೀನು ಹೇಳಿದ ಮೇಲೆ ಮುಗಿಯಿತು. ಆದರೆ ಪಕ್ಕದ ಹೊಲದ ತಿಪ್ಪವ್ವ ಬಿಡುತ್ತಿಲ್ಲ. ಅವಳ ಜೋಳವೂ ದಾಖಲೆಯಲ್ಲಿ ತೊಗರಿ ಆಗಿದೆ. ನಾಳೆ ಶಿಗ್ಗಾಂವಿಗೆ ಹೊರಟಿದ್ದಾಳೆ, "ನನಗ ಓದಾಕ ಬರಂಗಿಲ್ಲ, ನೀ ಬಾರವಾ" ಅಂತ ನನ್ನನ್ನೂ ಎಳೆಯುತ್ತಿದ್ದಾಳೆ. ಜೊತೆಗೆ ಹೋಗಿ ಬರುತ್ತೇನೆ.

ಜಯಶ್ರೀ


ಹಿರೇಬೆಂಡಿಗೇರಿ
೨೯ ಅಕ್ಟೋಬರ್ ೨೦೨೫

ಜಗದೀಶ,

ಶಿಗ್ಗಾಂವಿ ಬಸ್‌ಸ್ಟ್ಯಾಂಡಿನ ಮುಂದೆ ಸವಣೂರಿನ ನುಜಹತ ಅನ್ನುವ ಹುಡುಗಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದಾಳೆ. ಭಾಳ ಚುರುಕು. ತಿಪ್ಪವ್ವನ ದಾಖಲೆ ತೆಗೆದುಕೊಟ್ಟು, "ನಿಮ್ದೂ ನೋಡ್ಲೇನ್ರಿ ಅಕ್ಕಾರ?" ಅಂದಳು. ನೋಡು ಅಂದೆ. ಮೊದಲು ಫೋಟೋ ಬಂತು. ಮುಂದೆ ತೊಗರಿ, ಅದರ ಹಿಂದೆ ಎದ್ದು ನಿಂತ ಗೋವಿನಜೋಳದ ಸೂಲಂಗಿ ಹೂಗೊಂಚಲು, ಮೂಲೆಯಲ್ಲಿ ಅಪ್ಪ ನೆಟ್ಟ ಬನ್ನಿಗಿಡ. ಕುರುಡರಿಗೂ ಕಾಣುವಂತಿದೆ. ಅದರ ಕೆಳಗೆ ಒಂದು ಸಾಲು. ಪರಿಶೀಲಿಸಿ ಅನುಮೋದಿಸಿದ ಮೇಲ್ವಿಚಾರಕರು: ಜಗದೀಶ ಮೈಲಾರಪ್ಪ.

ನುಜಹತ ಕೇಳಿದಳು, "ಯಾರ್ರೀ ಅಕ್ಕಾರ, ಗೊತ್ತಿದ್ದಾರೇನ್ರಿ?" ಅಂತ. ಇಲ್ಲ ಅಂದೆ.

ನಿನ್ನ ಕಾಗದ ತೆಗೆದು ಮತ್ತೆ ಓದಿದೆ. ಅರ್ಜಿ ಬೇಡ. ಶಿಗ್ಗಾಂವಿ ಬೇಡ. ಬೇಗ ರೆಂಟೆ ಹೊಡಿ. ಬೀಜ ನಾನೇ ಕೊಡುತ್ತೇನೆ. ಎಂಥ ತಮ್ಮ ಅಂತ ಹೋಳಿಗೆ ಬಾಯಿಗಿಟ್ಟುಕೊಂಡು ಅತ್ತಿದ್ದೆನಲ್ಲೋ ನಾನು! ಕೂಳೆ ಮಣ್ಣಾಗಿದ್ದರೆ ಆ ಹೊಲದಲ್ಲಿ ಜೋಳ ಇತ್ತು ಅನ್ನುವುದಕ್ಕೆ ಏನು ಗುರುತು ಉಳಿಯುತ್ತಿತ್ತು? ಹೊಟ್ಟೆಯಾಗಿಂದು ಹೇಳ್ತೇನಿ ಕೇಳು. ಅಜ್ಜಪ್ಪನ ಟ್ರ್ಯಾಕ್ಟರ್ ಹೊಲದ ಬಾಯಿಗೆ ಬಂದು ನಿಂತಿತ್ತು. ಅಡ್ಡ ನಿಂತು ತಿರುಗಿಸಿ ಕಳಿಸಿದೆ. ಅವನು ಬೈದುಕೊಂಡು ಹೋದ. ಅವ್ವ ಯಾಕೆ ಅಂದಳು. ಹಸಿ ಇನ್ನೂ ಜಾಸ್ತಿ ಐತಿ ಅಂತ ಸುಳ್ಳು ಹೇಳಿದೆ. ನಿನ್ನ ಹೆಸರು ಹೇಳಲು ಬಾಯಿ ಬರಲಿಲ್ಲ.

ಇದನ್ನು ಬೇಕಂತ ಮಾಡಿದಿ ನೀನು. ನನ್ನ ಕೈಯಿಂದ ಹೊಲ ಬಿಡಿಸಿ ಶಂಕ್ರಪ್ಪ ಕಾಕಾನಿಗೆ ಕೊಟ್ಟರೆ ನಿನಗೂ ಒಂದು ಪಾಲು ಬರುತ್ತದೆ, ಅಕ್ಕ ಮೂಲೆಯಲ್ಲಿ ಕೂಡುತ್ತಾಳೆ. ಬಾಯಿಬಿಟ್ಟು ಕೇಳಿದ್ದರೆ ಜಗಳ ಆಡುತ್ತಿದ್ದೆ, ಆಮೇಲೆ ಕೊಟ್ಟರೂ ಕೊಡುತ್ತಿದ್ದೆನೇನೋ. ಹಿಂದಿನಿಂದ ಯಾಕೆ?

ಜಯಶ್ರೀ


ಹಿರೇಕೆರೂರು
೨೦ ನವೆಂಬರ್ ೨೦೨೫

ಅಕ್ಕ,

ಮೂರು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಮೇಲ್ವಿಚಾರಣೆಗೆ ಜನ ಸಾಲದೆ ನನ್ನನ್ನು ನಿಮ್ಮ ಕಡೆಗೆ ಹಾಕಿದ್ದರು. ಸಾವಿರಗಟ್ಟಲೆ ಫೋಟೋ ಬಾಕಿ, ದಿನಾ ಮೇಲಿನಿಂದ ಫೋನು. ಒಂದು ಭಾನುವಾರ ಗೊಟಗೋಡಿಯ ಕೋಣೆಯಲ್ಲಿ ಚಹಾ ಕುಡಿಯುತ್ತ ಆರುನೂರ ಹನ್ನೆರಡು ಫೋಟೋಗಳಿಗೆ ಒಪ್ಪಿಗೆ ಒತ್ತಿದೆ. ಒಂದೊಂದಕ್ಕೆ ಎಷ್ಟು ಹೊತ್ತು ಕೊಟ್ಟಿರಬಹುದು ನೀನೇ ಲೆಕ್ಕ ಹಾಕು. ಹಿರೇಬೆಂಡಿಗೇರಿ ಎಂದು ಮೇಲೆ ಬರೆದಿತ್ತು. ಅವ್ವನ ಹೆಸರೂ ಇತ್ತು. ಹೆಸರು ಓದಲಿಲ್ಲ. ಚಿತ್ರವನ್ನು ನೋಡಿದೆ, ಹಸಿರು ಕಂಡಿತು, ಒತ್ತಿದೆ.

ನೀನು ಬೇಕಂತ ಮಾಡಿದಿ ಎಂದು ಬರೆದಿದ್ದೀಯಲ್ಲ, ಹಾಗೆ ಮಾಡಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ. ಮೈಲಾರಪ್ಪನ ಮಗ ನಾನು. ಎಂಟನೆಯ ವಯಸ್ಸಿನಲ್ಲಿ ಆ ಬನ್ನಿಗಿಡದಿಂದ ಬಿದ್ದು ಕೈ ಮುರಿದುಕೊಂಡವನು. ಅಂಥ ಹೊಲ ಎದುರಿಗೆ ಬಂದು ಹೋಯಿತು, ನನಗೆ ಅದರ ಗುರುತು ಹತ್ತಲಿಲ್ಲ. ಇದನ್ನು ಯಾರ ಮುಂದೆ ಹೇಳಲಿ? ರಾಜಶ್ರೀಗೂ ಹೇಳಿಲ್ಲ.

ನಿನ್ನ ಮೊದಲ ಕಾಗದ ಬಂದ ದಿನವೇ ದಾಖಲೆ ತೆಗೆದು ನೋಡಿದೆ. ಕೆಳಗೆ ನನ್ನದೇ ಹೆಸರಿತ್ತು. ಆಮೇಲೆ ಬರೆದಿದ್ದು ಆ ಉತ್ತರ. ರೆಂಟೆಯ ಮಾತನ್ನು ನೀನು ತಿಳಿದುಕೊಂಡದ್ದು ಸರಿಯೇ ಇದೆ. ಆ ಮಾತಿಗೆ ನಾನು ಕಡಲೆ ಬೀಜದ ಬಟ್ಟೆ ಹೊದಿಸಿದೆ. ಲಾವಣಿಯ ಸಂಚು ಮಾತ್ರ ಇಲ್ಲ, ಅವ್ವನ ಆಣೆ.

ಈಗ ಒಂದು ಕೇಳುತ್ತೇನೆ. ಪರಿಹಾರ ಎಷ್ಟು ಬರುತ್ತಿತ್ತೋ ಅಷ್ಟನ್ನು ನಾನು ಕೊಡುತ್ತೇನೆ, ಪೂರ್ತಿ. ಯುಗಾದಿಗೆ ಅವ್ವನ ಮುಂದೆ ಇಡು, ಹೊಲ ನಿನ್ನಲ್ಲೇ ಉಳಿಯಲಿ. ಅರ್ಜಿ ಕೊಡಬೇಡ. ಕೊಟ್ಟರೆ ನನ್ನ ಮೇಲೆ ವಿಚಾರಣೆ ಆಗುತ್ತದೆ. ಬಡ್ತಿಯ ಪಟ್ಟಿಯಲ್ಲಿ ಈ ವರ್ಷ ನನ್ನ ಹೆಸರಿದೆ.

ಜಗದೀಶ


ಹಿರೇಬೆಂಡಿಗೇರಿ
೨೬ ನವೆಂಬರ್ ೨೦೨೫

ತಮ್ಮ,

ಓದಿದೆ. ಎರಡು ದಿನ ಮುಸುಕು ಹಾಕಿ ಮಲಗಿದೆ. ಅವ್ವ ನನಗೆ ಜ್ವರ ಅಂದುಕೊಂಡಳು.

ಸಂಚು ಅಂತ ಬರೆದದ್ದಕ್ಕೆ ನನ್ನದು ತಪ್ಪಾಯಿತು. ನಿನ್ನ ಮಾತನ್ನು ನಂಬುತ್ತೇನೆ. ನಿನ್ನ ರೊಕ್ಕ ಮಾತ್ರ ಬೇಡ. ನೀನು ಕೊಟ್ಟರೆ ಅದು ತಮ್ಮ ಅಕ್ಕನಿಗೆ ಕೊಟ್ಟ ಉಡಿ ಆಗುತ್ತದೆ, ಹೊಲ ದುಡಿದದ್ದು ಆಗುವುದಿಲ್ಲ. ಅವ್ವನ ಮುಂದೆ ಇನ್ನೊಂದು ಸುಳ್ಳು ಇಟ್ಟು ಹೊಲ ಉಳಿಸಿಕೊಳ್ಳಲೇ? ಮತ್ತೆ ತಿಪ್ಪವ್ವನಿಗೆ ಯಾರು ಕೊಡುತ್ತಾರೆ? ಅವಳಿಗೆ ಇಲಾಖೆಯಲ್ಲಿ ತಮ್ಮ ಇಲ್ಲ.

ನುಜಹತಳ ಅಂಗಡಿಯಲ್ಲಿ ಕುಳಿತು ಅರ್ಜಿ ಹಾಕಿದ್ದೇನೆ. ತಿಪ್ಪವ್ವನದೂ ಹಾಕಿದೆ. ನಿನ್ನ ಹೆಸರಿನ ವಿರುದ್ಧ ಒಂದು ಅಕ್ಷರ ಬರೆದಿಲ್ಲ, ಹೊಲಕ್ಕೆ ಬಂದು ನೋಡಿರಿ ಅಂತ ಅಷ್ಟೇ ಬರೆದೆ. ಕೂಳೆ ಹಾಗೇ ನಿಂತಿದೆ. ಕಡಲೆ ಬಿತ್ತುವ ಹದ ಮುಗಿಯಿತು. ಸುತ್ತ ಎಲ್ಲರ ಹೊಲ ಹಸಿರು, ನಡುವೆ ನನ್ನದೊಂದು ಬೀಳು. ಶಂಕ್ರಪ್ಪ ಕಾಕಾ ದಿನಾ ಆ ಹಾದಿಯಲ್ಲೇ ಹೋಗುತ್ತಾನೆ, "ಏನವಾ, ಕೂಳೆ ಬೆಳೀ ಹೆಂಗೈತಿ?" ಅಂತ ಕೇಳಿ ನಗುತ್ತಾನೆ. ಅವ್ವ ಏನೂ ಕೇಳುವುದನ್ನು ಬಿಟ್ಟಿದ್ದಾಳೆ. ಅದೇ ನನಗೆ ಹೆದರಿಕೆ.

ನಿನ್ನ ಈ ಕಾಗದವನ್ನು ಅವಳಿಗೆ ಓದಿ ಹೇಳಿಲ್ಲ. ಮಗ ಆರಾಮ ಇದ್ದಾನಂತೆ ಅಂದೆ.

ಜಯಶ್ರೀ


ಹಿರೇಕೆರೂರು
೧೧ ಜನವರಿ ೨೦೨೬

ಅಕ್ಕ,

ಶುಕ್ರವಾರ ಹೊಲದಲ್ಲಿ ನಿನ್ನೆದುರಿಗೇ ನಿಂತಿದ್ದೆ, ಒಂದು ಮಾತನ್ನೂ ಆಡಲು ಆಗಲಿಲ್ಲ. ಪಂಚನಾಮೆಯಲ್ಲಿ ನಾನು ಉತ್ತರ ಕೊಡುವವನು, ನೀನು ಅರ್ಜಿದಾರಳು. ತನಿಖೆಗೆ ಬಂದ ಸಾಹೇಬರು ಮೊದಲೇ ಹೇಳಿದ್ದರು, "ಹೇಳಿಕಿ ಮುಗಿಯೂತನಕಾ ಮನಿಯವರ ಜೋಡಿ ಮಾತ ಬ್ಯಾಡ್ರಿ," ಎಂದು.

ಅವರು ಕೂಳೆಯ ಸಾಲು ಎಣಿಸಿದರು, ಒಂದೆರಡು ಬುಡ ಕಿತ್ತು ನೋಡಿದರು. ಹಾದಿಯ ಕಡೆ ಉಳಿದಿದ್ದ ತೊಗರಿ ಕಟ್ಟಿಗೆಯನ್ನು ನೋಡಿದರು. ಸಮೀಕ್ಷೆಯ ಹುಡುಗ ಫೋಟೋ ತೆಗೆದ ಜಾಗದಲ್ಲೇ ನಿಂತು ಮತ್ತೆ ಫೋಟೋ ತೆಗೆಸಿದರು. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮಕ್ಕಳಿಗೂ ಅರ್ಥವಾಗುತ್ತಿತ್ತು. ನಿನಗೆ ಗೊತ್ತಿಲ್ಲದ ಒಂದು ವಿಷಯ ಹೇಳುತ್ತೇನೆ. ಡಿಸೆಂಬರಿನಲ್ಲಿ ನಾನು ಆ ಆರುನೂರ ಹನ್ನೆರಡನ್ನೂ ಮತ್ತೆ ತೆಗೆದು ಒಂದೊಂದಾಗಿ ನೋಡಿದೆ. ನಿಮ್ಮ ಊರಲ್ಲೇ ನಲವತ್ತೊಂದು ಹೊಲಗಳಲ್ಲಿ ಇದೇ ತಪ್ಪು. ಎಲ್ಲದರಲ್ಲೂ ಅಕ್ಕಡಿ ಸಾಲಿನ ಫೋಟೋ. ಪಟ್ಟಿ ಮಾಡಿ, ಕೆಳಗೆ ನನ್ನ ತಪ್ಪೊಪ್ಪಿಗೆ ಬರೆದು ನಾನೇ ಕೊಟ್ಟೆ. ಆದರೆ ನಲವತ್ತು ಹೊಲಗಳಲ್ಲಿ ರೆಂಟೆ ಹೊಡೆದು ಕಡಲೆ ಎದ್ದಿತ್ತು, ಅಲ್ಲಿ ನೋಡಲು ಏನೂ ಉಳಿದಿರಲಿಲ್ಲ. ನಿನ್ನದು ಒಂದೇ ಹಾಗೇ ನಿಂತಿತ್ತು. ಅದನ್ನು ನೋಡಿದ ಮೇಲೆ ಉಳಿದ ಫೋಟೋಗಳಲ್ಲಿ ಹಿಂದೆ ಕಾಣುವ ಜೋಳವನ್ನು ಅವರು ಒಪ್ಪಿದರು.

ಆಮೇಲೆ ನಡೆದದ್ದನ್ನು ನೀನೂ ಕೇಳಿದಿ. ಸಾಹೇಬರು ಅಷ್ಟು ಜನರ ನಡುವೆ ಕೇಳಿದರು, "ಇದು ನಿಮ್ಮ ತಾಯಿ ಹೊಲ ಅಲ್ರೀ? ಗುರುತ ಸಿಗಲಿಲ್ಲೇನ್ರಿ?" ಎಂದು. "ಇಲ್ರಿ ಸಾಹೇಬ್ರ," ಎಂದೆ. ಅವ್ವ ಅಲ್ಲೇ ನೀರಿನ ಕೊಡ ಹಿಡಿದು ನಿಂತಿದ್ದಳು. ಎಲ್ಲರಿಗೂ ನೀರು ಕೊಟ್ಟಳು, ನನಗೂ ಕೊಟ್ಟಳು. ಮುಖ ನೋಡಲಿಲ್ಲ.

ನಾನು ತಪ್ಪೊಪ್ಪಿಗೆ ಕೊಟ್ಟ ಮೇಲೆ ಒಂದು ವರ್ಷದ ವೇತನ ಬಡ್ತಿ ನಿಲ್ಲಿಸಿದ್ದಾರೆ. ಬಡ್ತಿಯ ಪಟ್ಟಿಯಿಂದಲೂ ಹೆಸರು ಹೋಯಿತು. ರಾಜಶ್ರೀಗೆ ಎಲ್ಲ ಹೇಳಿದ್ದೇನೆ. ನಾಲ್ಕು ದಿನ ಮಾತು ಬಿಟ್ಟಿದ್ದಳು, ಈಗ ಸರಿಯಾಗಿದ್ದಾಳೆ. ನಿನ್ನ ಮೇಲೆ ನನಗೆ ಸಿಟ್ಟಿಲ್ಲ ಅಕ್ಕ. ನವೆಂಬರಿನಲ್ಲಿ ಇತ್ತು, ಸುಳ್ಳು ಹೇಳುವುದಿಲ್ಲ.

ಅವ್ವ ಏನಾದರೂ ಅಂದಳೇ? ಬರಿ.

ಜಗದೀಶ


ಹಿರೇಬೆಂಡಿಗೇರಿ
೨೦ ಮಾರ್ಚ್ ೨೦೨೬

ತಮ್ಮ ಜಗದೀಶ,

ನಿನಗೆ ಉತ್ತರ ಬರೆಯಲು ಎರಡು ತಿಂಗಳು ಆಯಿತು. ಬರೆಯಲು ಏನಾದರೂ ಇರಲಿ ಅಂತ ಕಾಯುತ್ತಿದ್ದೆ.

ತಿದ್ದಿದ ಪಟ್ಟಿ ಹೋದ ವಾರ ಬಂತು. ನಲವತ್ತು ಮನೆಗೂ ಪರಿಹಾರ ಮಂಜೂರಾಗಿದೆ. ತಿಪ್ಪವ್ವ ಪಂಚಾಯ್ತಿ ಮುಂದೆಯೇ ನನ್ನ ಗಲ್ಲ ಹಿಡಿದು ನೆಟಿಗೆ ಮುರಿದಳು, ಎಲ್ಲರೂ ನೋಡುವ ಹಾಗೆ. ನಮ್ಮದು ಬಂದಿಲ್ಲ. ಒಪ್ಪಿಗೆ ಕೊಟ್ಟವನ ಸ್ವಂತ ಕುಟುಂಬದ ಹೊಲ ಆದ್ದರಿಂದ ಕಡತವನ್ನು ಬೇರೆ ಮಾಡಿ ಮೇಲೆ ಕಳಿಸಿದ್ದಾರಂತೆ. ಯಾವಾಗ ಬರುತ್ತದೆ ಅಂದರೆ ಮೇಲಿನವರನ್ನು ಕೇಳಿರಿ ಅನ್ನುತ್ತಾರೆ. ನಕ್ಕೆ. ಮತ್ತೇನು ಮಾಡಲಿ? ಜೋಳವೂ ಹೋಯಿತು, ಕಡಲೆಯೂ ಇಲ್ಲ, ಪರಿಹಾರವೂ ಇಲ್ಲ. ಹೊಲ ಕೈಬಿಟ್ಟಿತು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಯುಗಾದಿ ಕಾಯುತ್ತ ಕುಳಿತೆ.

ನಿನ್ನೆ ಬೇವುಬೆಲ್ಲ ಆಗಿ ಇನ್ನೂ ಕೈ ಒಣಗಿರಲಿಲ್ಲ, ಶಂಕ್ರಪ್ಪ ಕಾಕಾ ಎಲೆ ಅಡಿಕೆ ಹಿಡಿದು ಬಂದ. ಲಾವಣಿ ಮಾತು ಮುಗಿಸಿಯೇ ಹೋಗುವ ಗತ್ತಿನಲ್ಲಿ ಕಟ್ಟೆಯ ಮೇಲೆ ಕುಳಿತ. ಅವ್ವನಿಗೆ, "ಅನ್ನವ್ವಾ, ನೋಡಿದೆಲ್ಲಾ? ನಿನ್ನ ಮಗಳು ಹೊಲಾ ಬೀಳು ಕೆಡವಿದ್ಲು. ಊರವ್ರಿಗೆಲ್ಲಾ ಬಂತು, ನಿಮಗ ಬರಲಿಲ್ಲ," ಅಂದ. ನಾನು ಒಳಗೆ ಬಾಗಿಲ ಹಿಂದೆ ನಿಂತಿದ್ದೆ. ಅವನು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ.

ಅವ್ವ ಅಂದಳು, "ನಲವತ್ತು ಮನಿ ಬೆಳೀಗೆ ಸಾಕ್ಷಿ ನಿಂತ ಹೊಲಾ ಅದು. ಅದಕ್ಕ ಬೀಳು ಅನಬ್ಯಾಡ."

ಕಾಕಾ ಏನೋ ಹೇಳಲು ಹೋದ. "ನನ್ನನ್ನ ಕೇಳಬ್ಯಾಡ ಶಂಕ್ರಪ್ಪಾ. ಹೊಲಾ ಮಾಡಾಕಿ ಒಳಗ ಅದಾಳ, ಆಕೀನ್ನ ಕೇಳು," ಅಂದುಬಿಟ್ಟಳು. ನಾನು ಹೊರಗೆ ಬಂದೆ. ಅವನ ಎಲೆ ಅಡಿಕೆ ಅವನ ಕೈಯಲ್ಲೇ ಉಳಿಯಿತು. ಬಿಸಿಲು ಏರುವ ಮೊದಲು ಮನೆ ಸೇರಬೇಕು ಅಂತ ಎದ್ದು ಹೋದ.

ಮೇ ತಿಂಗಳಿಗೆ ಬೀಜ ಗೊಬ್ಬರಕ್ಕೆ ಏನು ಮಾಡುತ್ತೇನೋ ನನಗೇ ಗೊತ್ತಿಲ್ಲ. ಹೊಲಿಗೆ ಮಿಷನ್ ಎಣ್ಣೆ ಹಾಕಿ ಇಟ್ಟಿದ್ದೇನೆ, ನಾಲ್ಕು ಕುಪ್ಪಸ ಬಂದಿವೆ. ನೋಡೋಣ. ಹೊಲ ನನ್ನದು, ಅಷ್ಟಂತೂ ಆಯಿತು. ಎಷ್ಟು ಹಗುರ ಅನಿಸಿತು ಗೊತ್ತೇನು, ಹಿತ್ತಿಲಿಗೆ ಹೋಗಿ ಎಮ್ಮೆಯ ಮೈ ತಟ್ಟುತ್ತ ಅತ್ತೆ.

ಈಗ ನಿನ್ನ ವಿಷಯ. ಅವ್ವ ಏನಾದರೂ ಅಂದಳೇ ಅಂತ ಕೇಳಿದ್ದಿ. ಎರಡು ತಿಂಗಳು ನಿನ್ನ ಹೆಸರು ಎತ್ತಲಿಲ್ಲ. ನಾನು ಎತ್ತಿದರೆ ಎದ್ದು ಹೋಗುತ್ತಿದ್ದಳು. ಸಿಟ್ಟು ಅಂದುಕೊಂಡಿದ್ದೆ. ನಿನ್ನೆ ಮಧ್ಯಾಹ್ನ ಇಬ್ಬರೂ ಉಣ್ಣುವಾಗ ತುತ್ತು ಕೈಯಲ್ಲಿ ಹಿಡಿದು ಕೇಳಿದಳು, "ಆ ಫೋಟೋ ಅವನ ಮುಂದ ಬಂದಾಗ, ಇದು ನಮ್ಮವ್ವನ ಹೊಲಾ ಅಂತ ಅವಗ ಯಾಕ ತಿಳೀಲಿಲ್ಲ ಜಯಶ್ರೀ?"

ಕೆಲಸ ಜಾಸ್ತಿ ಇತ್ತು ಅಂದೆ. ಅವಸರದಲ್ಲಿ ಇದ್ದ ಅಂದೆ. ಆರುನೂರು ಇದ್ದವು ಅಂದೆ. ಎಲ್ಲದಕ್ಕೂ ತಲೆ ಆಡಿಸಿದಳು. ಆಮೇಲೆ ಮತ್ತೆ ಅದನ್ನೇ ಕೇಳಿದಳು.

ನೀನು ಬಂದು ಹೇಳು.

ನಿನ್ನ ಅಕ್ಕ
ಜಯಶ್ರೀ